ಅಟ್ಟದ ಮೇಲಿನ ಅಮೆರಿಕ: ದಾಂಡೇಲಿ ಸೀಮೆಯ ಸಿಹಿಗುಂಬಳದ ಕತೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಇವತ್ತು ಕುಂಬಳಕಾಯಿ.

ನಗಬೇಡಿ. ಒಂದು ಗಾದೆಯಿಂದಲೇ ಶುರು ಮಾಡೋಣ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಮಾತು ಎಲ್ಲರಿಗೂ ಗೊತ್ತು. ತರಗತಿಯಲ್ಲಿ ಯಾರೋ ಚಾಕ್ ಕದ್ದಿದ್ದಾರೆ ಅಂದ ತಕ್ಷಣ ಜೇಬು ಮುಟ್ಟಿಕೊಳ್ಳೋ ಹುಡುಗನಿಗೆ ಮೇಷ್ಟ್ರು ಹೇಳೋ ಮಾತು. ಆದರೆ ಕಳ್ಳ ಹೆಗಲನ್ನೇ ಯಾಕೆ ಮುಟ್ಟಿಕೊಂಡ? ಕುಂಬಳಕಾಯಿ ಹೊತ್ತು ತಂದ ಹೆಗಲ ಮೇಲೆ ಬಿಳಿ ಬೂದಿ ಮೆತ್ತಿಕೊಂಡಿರುತ್ತೆ, ಅದಕ್ಕೆ. ಅಂದ್ರೆ ಗಾದೆಯ ಕಳ್ಳ ಕದ್ದಿದ್ದು ಬೂದುಗುಂಬಳ. ಆಯುಧಪೂಜೆ ದಿನ ಕುಂಕುಮ ತುಂಬಿ ರಸ್ತೆಗೆ ಒಡೆಯೋದು, ಕಾಶಿ ಹಲ್ವ ಮಾಡೋದು, ಸಂಸ್ಕೃತದವರು ಕೂಷ್ಮಾಂಡ ಅಂದಿದ್ದು, ಅದೇ ಕಾಯಿ. ಏಷ್ಯಾದ ಹಳೇ ನಿವಾಸಿ.

ನಾವು ಹುಳಿಗೆ ಹಾಕೋ, ಪಲ್ಯ ಮಾಡೋ, ಒಳಗೆ ಕೇಸರಿ ಬಣ್ಣ ಇರೋ ಕುಂಬಳ ಬೇರೆ. ಗಿಡದ ಲೆಕ್ಕದಲ್ಲಿ ಕುಲವೇ ಬೇರೆ. ಅದರ ಹುಟ್ಟೂರು ಅಮೆರಿಕ ಖಂಡ. ಐನೂರು ವರ್ಷದ ಹಿಂದೆ ಈ ನೆಲದಲ್ಲಿ ಅದರ ಒಂದು ಬೀಜವೂ ಇರಲಿಲ್ಲ. ಆದರೂ ಇವತ್ತು ಹಳಿಯಾಳದ ಸಂತೆಯಲ್ಲಿ ನಿಂತು ಇದು ಫಾರಿನ್ ತರಕಾರಿ ಅಂತ ಹೇಳಿ ನೋಡಿ, ಮಾರೋ ಅಜ್ಜಿ ನಿಮ್ಮನ್ನೇ ಮೇಲಿಂದ ಕೆಳಗೆ ನೋಡ್ತಾಳೆ.

ನನಗೆ ಈ ಕತೆ ಹಿಡಿಸಿದ್ದೇ ಇದಕ್ಕೆ. ಮೆಣಸಿನಕಾಯಿ ಹೊರಗಿಂದ ಬಂತು ಅಂತ ಈಗ ಎಲ್ಲರೂ ರೀಲ್ಸ್ ಮಾಡ್ತಾರೆ. ಬಟಾಟೆ, ಟೊಮೆಟೊ, ಗೋಡಂಬಿ ಕೂಡ ಗೊತ್ತು. ಕುಂಬಳಕಾಯಿ ಮಾತ್ರ ಯಾರ ಕಣ್ಣಿಗೂ ಬೀಳದೆ ಒಳಗೆ ಬಂದು ಕೂತುಬಿಟ್ಟಿದೆ. ಹೇಗೆ ಬಂತು, ಯಾರು ಉಳಿಸಿದರು ಅಂತ ನೋಡೋಕೆ ಉತ್ತರ ಕನ್ನಡದ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಿಗಿಂತ ಒಳ್ಳೇ ಜಾಗ ಇಲ್ಲ: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ.

ಮೊದಲು ಹೆಸರಿನ ತಕರಾರು ಮುಗಿಸಿಬಿಡೋಣ. ಇಂಗ್ಲಿಷಿನಲ್ಲಿ ಇದನ್ನ ವಿಂಟರ್ ಸ್ಕ್ವಾಶ್ ಗುಂಪಿಗೆ ಸೇರಿಸ್ತಾರೆ. ಸ್ಕ್ವಾಶ್ ಅನ್ನೋ ಪದವೇ ಇಂಗ್ಲಿಷರದ್ದಲ್ಲ. ಉತ್ತರ ಅಮೆರಿಕದ ನರ್ರಗಾನ್ಸೆಟ್ ಅನ್ನೋ ಮೂಲನಿವಾಸಿ ಭಾಷೆಯ ದೊಡ್ಡ ಪದವೊಂದರ ಬಾಲ. ವಿಂಟರ್ ಅಂದ ಮಾತ್ರಕ್ಕೆ ಚಳಿಗಾಲದಲ್ಲಿ ಬೆಳೆಯೋದು ಅಂತಲ್ಲ. ಬೇಸಿಗೆಯಲ್ಲಿ ಬೆಳೆದು, ಸಿಪ್ಪೆ ಗಟ್ಟಿಯಾಗೋವರೆಗೂ ಬಳ್ಳಿಯಲ್ಲೇ ಬಿಟ್ಟು, ಹೊರಗೆ ಹಿಮ ಬಿದ್ದಾಗ ಒಳಗೆ ಕೂತು ತಿನ್ನೋ ಕಾಯಿ ಅಂತ. ಎಳೇದರಲ್ಲೇ ಕಿತ್ತು ತಿನ್ನೋ ಜುಕೀನಿ ಥರದ್ದು ಸಮ್ಮರ್ ಸ್ಕ್ವಾಶ್.

ಜೋಯಿಡಾದಲ್ಲಿ ಹಿಮ ಎಲ್ಲಿಂದ ಬರಬೇಕು? ಅಲ್ಲಿ ಮನೆಯೊಳಗೆ ಕೂರಿಸೋ ಕಾಲ ಅಂದ್ರೆ ಮಳೆಗಾಲ. ಆ ತಾಲ್ಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಒಂದು. ಆಷಾಢ ಬಂತು ಅಂದ್ರೆ ಹಳ್ಳ ತುಂಬಿ ದಾರಿ ಮುಚ್ಚುತ್ತೆ, ಹಿತ್ತಲಲ್ಲಿ ಸೊಪ್ಪು ಕೊಳೆಯುತ್ತೆ, ಸಂತೆಗೆ ಹೋಗೋದೇ ಒಂದು ಸಾಹಸ. ಆಗ ಕೈ ಹಿಡಿಯೋದು ಅಟ್ಟ. ಕರಾವಳಿಯಲ್ಲಿ ಮೊಗೆಕಾಯನ್ನ ಬಾಳೆನಾರಲ್ಲಿ ಕಟ್ಟಿ ಜಂತೆಗೆ ನೇತುಹಾಕೋದನ್ನ ನೀವು ನೋಡಿರಬಹುದು. ಅದೇ ಲೆಕ್ಕ. ಬೇಸಿಗೆಯಲ್ಲಿ ಬೆಳೆದ ಕುಂಬಳ ತೊಟ್ಟಿನ ಸಮೇತ ಅಟ್ಟ ಹತ್ತಿ, ಒಲೆಯ ಹೊಗೆ ಮತ್ತು ಬೆಚ್ಚಗಿನ ಗಾಳಿಯಲ್ಲಿ ತಿಂಗಳುಗಟ್ಟಲೆ ಕೂರುತ್ತೆ. ಹಾಗಾಗಿ ವಿಂಟರ್ ಸ್ಕ್ವಾಶನ್ನ ಕನ್ನಡಕ್ಕೆ ತರೋದಾದ್ರೆ ಚಳಿಗುಂಬಳ ಅನ್ನೋದು ತಪ್ಪು. ಮಳೆಗುಂಬಳ ಅನ್ನಬೇಕು.

ಈ ನಾಲ್ಕು ತಾಲ್ಲೂಕಿನಲ್ಲಿ ನಿಜವಾದ ಹಿಮದ ಚಳಿಗಾಲ ಕಂಡವರು ಯಾರಾದ್ರೂ ಇದ್ದರೆ ಅದು ಮುಂಡಗೋಡದ ಟಿಬೆಟನ್ ಕ್ಯಾಂಪಿನ ಹಿರಿಯರು. 1966ರಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಕಾಡುಜಾಗದಲ್ಲಿ ನಿರಾಶ್ರಿತರ ವಸತಿ ಶುರುವಾಯ್ತು. ಹಿಮದ ಬೆಟ್ಟದಿಂದ ಬಂದವರು ಇಲ್ಲಿ ನೆಲ ಹಸನು ಮಾಡಿ ಬೆಳೆದ ಮುಖ್ಯ ಬೆಳೆಗಳಲ್ಲಿ ಒಂದು ಮೆಕ್ಕೆಜೋಳ. ಅದೂ ಅಮೆರಿಕದ್ದೇ, ಕುಂಬಳದ ಬಾಲ್ಯಸ್ನೇಹಿತ. ಅದಕ್ಕೆ ಆಮೇಲೆ ಬರ್ತೀನಿ.

ಹುಟ್ಟೂರಿನ ಕಡೆ ಒಮ್ಮೆ ಹೋಗಿ ಬರೋಣ. ಮೆಕ್ಸಿಕೊ ದೇಶದ ಓಹಾಕಾ ಪ್ರಾಂತ್ಯದಲ್ಲಿ ಗಿಲಾ ನಕಿಟ್ಸ್ ಅನ್ನೋ ಗುಹೆ ಇದೆ. ಅಲ್ಲಿ ಸಿಕ್ಕ ಕುಂಬಳದ ಬೀಜಗಳನ್ನ 1990ರ ದಶಕದಲ್ಲಿ ಮತ್ತೆ ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಹಳೆಯವು ಸುಮಾರು 10,000 ವರ್ಷದವು ಅಂತ ಗೊತ್ತಾಯ್ತು. ಮನುಷ್ಯ ಆ ಖಂಡದಲ್ಲಿ ಮೆಕ್ಕೆಜೋಳ ಪಳಗಿಸೋಕೂ ಮುಂಚೆ ಕುಂಬಳ ಪಳಗಿಸಿದ್ದ. ಕಾಡುಕುಂಬಳದ ತಿರುಳು ವಿಷದಷ್ಟು ಕಹಿ. ಹಾಗಾಗಿ ಮೊದಲು ತಿಂದದ್ದು ಬೀಜವನ್ನ ಅನ್ನೋದು ವಿಜ್ಞಾನಿಗಳ ಅಭಿಪ್ರಾಯ. ತಿರುಳು ಸಿಹಿಯಾಗಿದ್ದು ನೂರಾರು ತಲೆಮಾರುಗಳ ಹೆಂಗಸರು, ಗಂಡಸರು ಒಳ್ಳೇ ಕಾಯಿಯ ಬೀಜವನ್ನೇ ಎತ್ತಿಟ್ಟು ಬಿತ್ತಿದ್ದರಿಂದ.

ಅವರ ಬೇಸಾಯದ ರೀತಿಗೆ ಮಿಲ್ಪಾ ಅಂತ ಹೆಸರು. ಕಾಡಿನ ಒಂದು ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯ ಮೇಲೆ ಮೆಕ್ಕೆಜೋಳ, ಹುರುಳಿ ಜಾತಿಯ ಕಾಳು ಮತ್ತು ಕುಂಬಳ ಮೂರನ್ನೂ ಒಟ್ಟಿಗೆ ಹಾಕೋದು. ಜೋಳದ ದಂಟು ಕಾಳಿನ ಬಳ್ಳಿಗೆ ಆಸರೆ, ಕಾಳು ನೆಲಕ್ಕೆ ಸಾರಜನಕ ಕೊಡುತ್ತೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತೆ. ಒಂದೆರಡು ವರ್ಷ ಬೆಳೆದು ಆ ಜಾಗ ಬಿಟ್ಟು ಮುಂದಕ್ಕೆ ಹೋಗೋದು.

ಉತ್ತರ ಕನ್ನಡದವರಿಗೆ ಇದು ಕೇಳಿದ ಹಾಗೆ ಅನ್ನಿಸ್ತಿದೆಯಾ? ಅನ್ನಿಸಲೇಬೇಕು. ಅದನ್ನೇ ಇಲ್ಲಿ ಕುಮರಿ ಅಂತಿದ್ರು. ಜೋಳದ ಬದಲು ರಾಗಿ, ಅಷ್ಟೇ. ಸಮುದ್ರದ ಆಚೆ ಈಚೆ, ಒಬ್ಬರ ಮುಖ ಒಬ್ಬರು ನೋಡದ ಜನ ಒಂದೇ ಥರ ಯೋಚನೆ ಮಾಡಿದ್ದರು. ಬೂದಿ ಬಿದ್ದ ಹೊಸ ನೆಲ ಅಂದ್ರೆ ಕುಂಬಳಬಳ್ಳಿಗೆ ಹಬ್ಬ. ನಮ್ಮಲ್ಲೇ ನೋಡಿ, ತಿಪ್ಪೆ ಪಕ್ಕ ಒಲೆಬೂದಿ ಸುರಿಯೋ ಜಾಗದಲ್ಲಿ ತಾನಾಗೇ ಹುಟ್ಟಿದ ಬಳ್ಳಿಯೇ ಮನೆಯ ಎಲ್ಲಾ ಗಿಡಕ್ಕಿಂತ ಜೋರಾಗಿರುತ್ತೆ.

ಈಗ ಹಡಗು. ಕೊಲಂಬಸ್ ಅಮೆರಿಕ ಮುಟ್ಟಿದ್ದು 1492. ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತಿರ ಇಳಿದಿದ್ದು 1498. ಪೋರ್ಚುಗೀಸರು ಗೋವಾ ಹಿಡಿದಿದ್ದು 1510. ಅದೇ ಹೊತ್ತಿಗೆ ಯುರೋಪಿನಲ್ಲಿ ಏನಾಗ್ತಿತ್ತು ಅಂದ್ರೆ, ರೋಮ್ ನಗರದ ವಿಲ್ಲಾ ಫಾರ್ನೆಸೀನಾ ಅನ್ನೋ ಶ್ರೀಮಂತರ ಮನೆಯ ಚಾವಣಿಗೆ 1515ರಿಂದ 1518ರ ಸುಮಾರಿಗೆ ಹಣ್ಣು–ತರಕಾರಿ ತೋರಣಗಳ ಚಿತ್ರ ಬರೆದರು. ಅದರಲ್ಲಿ ಅಮೆರಿಕದ ಕುಂಬಳದ ಜಾತಿಗಳು ಸ್ಪಷ್ಟವಾಗಿ ಗುರುತು ಸಿಗ್ತವೆ. ಅಂದ್ರೆ ಕೊಲಂಬಸ್ ಹೋಗಿ ಬಂದು ಒಂದು ತಲೆಮಾರು ದಾಟೋದ್ರೊಳಗೆ ಕುಂಬಳ ರೋಮ್‌ನ ಗೋಡೆ ಹತ್ತಿತ್ತು. ಬೀಜ ಹಗುರ, ಒಣಗಿಸಿದರೆ ವರ್ಷಗಟ್ಟಲೆ ಬಾಳುತ್ತೆ, ಇಡೀ ಕಾಯಿ ಹಡಗಿನಲ್ಲಿ ಕೆಡದೆ ಬರುತ್ತೆ. ಲಿಸ್ಬನ್, ಆಫ್ರಿಕದ ಕರಾವಳಿ, ಗೋವಾ: ದಾರಿ ಸಿದ್ಧವಾಗೇ ಇತ್ತು.

ಅದಕ್ಕೂ ಮುಂಚಿನ ಕನ್ನಡ ನಾಡಿನಲ್ಲಿ ಅಡುಗೆ ಬಗ್ಗೆ ಬರೆದವರು ಇದ್ದರು. 1025ರ ಸುಮಾರಿನ ಎರಡನೇ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆ ವಿಷಯ ಇದೆ. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಊಟದ ಬಗ್ಗೆಯೇ ಭಾಗ ಇದೆ. ಇಂಥ ಹಳೇ ಪುಸ್ತಕದಲ್ಲಿ ಕುಂಬಳ, ಕೂಷ್ಮಾಂಡ ಅಂತ ಕಂಡರೆ ಅದು ನಮ್ಮ ಕೇಸರಿ ಕಾಯಿ ಅಲ್ಲ, ಬೂದುಗುಂಬಳ. ಯೂಟ್ಯೂಬ್‌ನಲ್ಲಿ ಯಾರಾದ್ರೂ ಚಾಲುಕ್ಯರ ಕಾಲದ ಸಿಹಿಗುಂಬಳದ ಹಲ್ವ ಅಂತ ತೋರಿಸಿದರೆ ನಗುತ್ತಾ ಮುಂದೆ ಹೋಗಿ.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಪೋರ್ಚುಗೀಸರ ಜೊತೆ ಬಂದ ಉಳಿದ ಬೆಳೆಗಳು ತಮ್ಮ ಹೆಸರನ್ನೂ ಕಟ್ಟಿಕೊಂಡು ಬಂದವು. ಅನಾನಸು, ಬಟಾಟೆ, ಪೇರಲ, ಕಾಜು, ಎಲ್ಲದರ ಹಿಂದೆ ಪೋರ್ಚುಗೀಸ್ ಬಾಯಿ ಇದೆ. ಕುಂಬಳಕ್ಕೆ ಅವರು ಅಬೊಬೊರಾ ಅಂತಾರೆ. ಆ ಪದ ಇಲ್ಲಿ ಎಲ್ಲೂ ಅಂಟಲಿಲ್ಲ. ಯಾಕೆ? ಹೊಸ ಹೆಸರಿನ ಅಗತ್ಯವೇ ಬೀಳಲಿಲ್ಲ. ಇಲ್ಲಿಯವರಿಗೆ ಆಗಲೇ ಬೂದುಗುಂಬಳ, ಸೋರೆಕಾಯಿ ಎಲ್ಲಾ ಗೊತ್ತಿತ್ತು. ಬಳ್ಳಿ, ಅಗಲ ಎಲೆ, ಹಳದಿ ಹೂವು, ದಪ್ಪ ಕಾಯಿ. ಓ, ಇದೂ ಒಂದು ಕುಂಬಳ ಅಂದರು, ಮುಗೀತು. ಕನ್ನಡದವರು ಹಳೇ ಹೆಸರಿಗೆ ಸಿಹಿ ಸೇರಿಸಿ ಸಿಹಿಗುಂಬಳ ಮಾಡಿದರು. ಮರಾಠಿಯವರು ತಮ್ಮ ಭೋಪಳಾಕ್ಕೆ ಕೆಂಪು ಸೇರಿಸಿ ಲಾಲ್ ಭೋಪಳಾ ಅಂದರು. ಕೊಂಕಣಿಯಲ್ಲಿ ದುದ್ದಿ, ಅದೇ ದುಧಿ ಮರಾಠಿಯಲ್ಲಿ ಸೋರೆಕಾಯಿ. ದಾಂಡೇಲಿ ಮಾರ್ಕೆಟ್ಟಿನಲ್ಲಿ ದುಧಿ ಕೊಡಿ ಅಂದರೆ ಕೈಗೆ ಯಾವುದು ಬರುತ್ತೆ ಅನ್ನೋದು ಅಂಗಡಿಯವರ ಮನೆಮಾತಿನ ಮೇಲೆ ಹೋಗುತ್ತೆ! ಮಲೆನಾಡಿನ ಕಡೆ ಚೀನಿಕಾಯಿ. ಚೀನಾದಿಂದ ಬಂತು ಅಂತಲೋ, ಚೀನಿ ಅಂದರೆ ಸಕ್ಕರೆ ಅಂತಲೋ, ಹೇಗೆ ಓದಿದರೂ ಅಮೆರಿಕದ ಸುಳಿವಿಲ್ಲ. ತಮಿಳರು ಮಾತ್ರ ಪರಂಗಿಕ್ಕಾಯ್ ಅಂತ ಕರೆದು ಗುಟ್ಟು ಉಳಿಸಿಕೊಂಡಿದ್ದಾರೆ. ಪರಂಗಿ ಅಂದ್ರೆ ಫಿರಂಗಿ, ಯುರೋಪಿನವ.

ಹೀಗೆ ಹೆಸರು ಬದಲಾಯಿಸಿಕೊಂಡು ಒಳಗೆ ಬಂದವರ ಇತಿಹಾಸ ಬರೆಯೋದು ಕಷ್ಟ. ಸಸ್ಯವಿಜ್ಞಾನಿಗಳೇ ಎಡವಿದ್ದಾರೆ. ಬೆಳೆಗಳ ಮೂಲದ ಬಗ್ಗೆ 19ನೇ ಶತಮಾನದಲ್ಲಿ ದೊಡ್ಡ ಪುಸ್ತಕ ಬರೆದ ಸ್ವಿಟ್ಜರ್ಲೆಂಡಿನ ಆಲ್ಫೋನ್ಸ್ ದ ಕ್ಯಾಂಡೋಲ್, ಕುಂಬಳದ ಒಂದು ಜಾತಿ ಹಳೇ ಜಗತ್ತಿನದೇ ಅಂದುಕೊಂಡಿದ್ದ. ಆಮೇಲೆ ಅಮೆರಿಕದ ಗುಹೆಗಳು, ಗೋರಿಗಳು ಬಾಯಿಬಿಟ್ಟ ಮೇಲೆ ಆ ವಾದ ಬಿದ್ದುಹೋಯ್ತು.

ಗೋವಾದಿಂದ ಘಟ್ಟ ಹತ್ತಿಸಿದ್ದು ಯಾರು? ಸರದಾರರಲ್ಲ, ಪಾದ್ರಿಗಳೂ ಅಲ್ಲ. ಗಂಟುಮೂಟೆ ಹೊತ್ತ ಜನ. ಗೋವಾ ಗಡಿಗೆ ಅಂಟಿಕೊಂಡಿರೋ ತಾಲ್ಲೂಕು ಜೋಯಿಡಾ. ಹಳೇ ಹೆಸರು ಸೂಪಾ. ಉಪ್ಪು, ಅಕ್ಕಿ, ಕಾಳುಮೆಣಸಿನ ಎತ್ತಿನ ಸಾಲುಗಳು ಇಲ್ಲಿಂದ ಹತ್ತಿ ಇಳೀತಿದ್ವು. ತಮ್ಮ ಹಿರೀಕರು ಗೋವಾದಿಂದ ಕಾಡುದಾರಿ ಹಿಡಿದು ಬಂದವರು ಅಂತ ಹೇಳೋ ಕುಣಬಿಗಳು ಇಲ್ಲಿದ್ದಾರೆ. ಈಗಲೂ ಗೆಡ್ಡೆ–ಗೆಣಸಿನ ಬೇಸಾಯಕ್ಕೆ ಅವರದ್ದೇ ಹೆಸರು. ಜೋಯಿಡಾದ ಗೆಡ್ಡೆ–ಗೆಣಸು ಮೇಳಕ್ಕೆ ಹೋದರೆ ಒಂದೊಂದು ಗೆಡ್ಡೆ ಮಗುವಿನಷ್ಟು ತೂಕ. ಆ ರಾಶಿಯಲ್ಲಿರೋ ಸಿಹಿಗೆಣಸು, ಮರಗೆಣಸು ಕೂಡ ಅಮೆರಿಕದಿಂದ ಬಂದವೇ.

ಇನ್ನೊಂದು ಗುಂಪು ಸಿದ್ದಿಗಳು. ಹಳಿಯಾಳ, ಮುಂಡಗೋಡ, ಜೋಯಿಡಾ, ಪಕ್ಕದ ಯಲ್ಲಾಪುರ, ಅಂಕೋಲಾ ಕಾಡಂಚಿನ ಹಳ್ಳಿಗಳಲ್ಲಿ ಇದ್ದಾರೆ. ಅವರ ಪೂರ್ವಜರನ್ನ ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರು ಪೋರ್ಚುಗೀಸರು. ಬಿಡುಗಡೆ ಆದವರು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಬ್ರಿಟಿಷ್ ಇಂಡಿಯಾದಲ್ಲಿ 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬಲ ಇಲ್ಲದ ಹಾಗೆ ಮಾಡಿತು. ಪೋರ್ಚುಗೀಸ್ ಗೋವಾದಲ್ಲಿ ಅದು ಇನ್ನೂ ಕೆಲವು ದಶಕ ಎಳೀತು. ಗಡಿ ದಾಟೋದು ಅಂದ್ರೆ ಬದುಕು ದಾಟೋದು. ಮನುಷ್ಯರನ್ನೂ ಬೀಜವನ್ನೂ ಒಂದೇ ಸಾಮ್ರಾಜ್ಯದ ಹಡಗುಗಳು ಒಂದೇ ಸಮುದ್ರದ ಮೇಲೆ ತಂದವು ಅಂತ ಯೋಚಿಸಿದಾಗ ತಟ್ಟೆಯಲ್ಲಿರೋ ಕುಂಬಳದ ಹೋಳು ಸ್ವಲ್ಪ ಭಾರ ಅನ್ನಿಸುತ್ತೆ.

ಅಂದ ಹಾಗೆ, ಆ ಗಡಿ ಎಷ್ಟು ಗಟ್ಟಿಯಾಗಿತ್ತು ಅನ್ನೋದಕ್ಕೆ ಕ್ಯಾಸಲ್‌ರಾಕ್ ರೈಲು ನಿಲ್ದಾಣ ನೋಡಿ. 1880ರ ದಶಕದಲ್ಲಿ ಮೊರ್ಮುಗಾವ್‌ನಿಂದ ಘಟ್ಟ ಹತ್ತಿ ಬಂದ ರೈಲಿಗೆ ಬ್ರಿಟಿಷ್ ಕಡೆಯ ಗಡಿ ನಿಲ್ದಾಣ ಅದು. 1961ರಲ್ಲಿ ಗೋವಾ ವಿಮೋಚನೆ ಆಗೋವರೆಗೂ ಅಲ್ಲಿ ಪೆಟ್ಟಿಗೆ ಬಿಚ್ಚಿ ತೋರಿಸಬೇಕಿತ್ತು. ಸೆರಗಿನ ಗಂಟಿನಲ್ಲಿರೋ ನಾಲ್ಕು ಕುಂಬಳದ ಬೀಜಕ್ಕೆ ಯಾವ ಸುಂಕದ ಅಧಿಕಾರಿ ಕೈಹಾಕ್ತಾನೆ?

ಕಾಡಿಗೆ ಬಂದವರಿಗೆ ಕುಮರಿ ಬದುಕು ಕೊಟ್ಟಿತು. ಆದರೆ ಬ್ರಿಟಿಷರ ಕಣ್ಣಿಗೆ ಕಾಡು ಅಂದ್ರೆ ಸಾಗುವಾನಿ. ಹಡಗಿಗೆ ಬೇಕು, ರೈಲಿನ ಕೆಲಸಕ್ಕೆ ಬೇಕು. ಕುಮರಿಯವರು ಮರ ಸುಟ್ಟು ರಾಗಿ ಬೆಳೀತಾರೆ ಅನ್ನೋದು ಅವರಿಗೆ ದುಡ್ಡು ಸುಟ್ಟ ಹಾಗೆ ಕಂಡಿತು. 1860ರಲ್ಲಿ ಮದ್ರಾಸ್ ಸರ್ಕಾರ ಕೆನರಾ ಜಿಲ್ಲೆಯಲ್ಲಿ ಅಪ್ಪಣೆ ಇಲ್ಲದ ಕುಮರಿ ನಿಷೇಧಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯ್ತು, 1878ರಲ್ಲಿ ಅರಣ್ಯ ಕಾಯ್ದೆ ಬಂತು, ಬಿಗಿ ಇನ್ನೂ ಬಿಗಿಯಾಯ್ತು. ಮರ ಸುಟ್ಟಿದ್ದರಿಂದ ಕಾಡಿಗೆ ಹಾನಿ ಆಗಲೇ ಇಲ್ಲ ಅಂತ ನಾನು ವಾದ ಮಾಡಲ್ಲ. ಆದರೆ ಅದೇ ಕಾಡಿನಿಂದ ಲಕ್ಷಗಟ್ಟಲೆ ಮರ ಕಡಿದು ಸಾಗಿಸಿದವರು ರಾಗಿ ಬೆಳೆಯೋರನ್ನ ಕಾಡಿನ ಶತ್ರು ಅಂದಿದ್ದು ಮಾತ್ರ ವಿಚಿತ್ರ.

ಕುಮರಿ ಹೋದ ಮೇಲೆ ಕುಂಬಳ ಹಿತ್ತಲಿಗೆ ಬಂತು. ಮನೆಯ ಹಿಂದಿನ ಆ ಚಿಕ್ಕ ತುಂಡು ನೆಲ, ಬಚ್ಚಲ ನೀರು ಹರಿಯೋ ಜಾಗ, ಬೇಲಿ, ಹುಲ್ಲಿನ ಮಾಡು. ಅದು ಹೆಂಗಸರ ರಾಜ್ಯ. ಯಾವ ಕಾಯಿ ಬೀಜಕ್ಕೆ ಬಿಡಬೇಕು, ಯಾವುದನ್ನ ತವರಿಗೆ ಕಳಿಸಬೇಕು ಅನ್ನೋದು ಅಲ್ಲೇ ತೀರ್ಮಾನ. ಬೀಜವನ್ನ ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಸೋರೆಬುರುಡೆಯಲ್ಲೋ ಬಟ್ಟೆಗಂಟಲ್ಲೋ ಒಲೆ ಮೇಲಿನ ಹೊಗೆಗೆ ಇಡೋದು. ಬ್ಯಾಂಕ್ ಲಾಕರ್ ಅಂದ್ರೆ ಅದೇ.

20ನೇ ಶತಮಾನದಲ್ಲಿ ಹಿತ್ತಲೂ ಅಲುಗಾಡಿತು. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದು ಊರಿನ ಸ್ವರೂಪವೇ ಬದಲಾಯ್ತು. ಬಿದಿರು ಲಾರಿಯಲ್ಲಿ ಹೋಗೋಕೆ ಶುರುವಾಯ್ತು. 1956ರಲ್ಲಿ ದಾಂಡೇಲಿ ವನ್ಯಜೀವಿ ಧಾಮ. 1980ರ ದಶಕದಲ್ಲಿ ಕಾಳಿ ನದಿಗೆ ಅಡ್ಡಲಾಗಿ ಸೂಪಾ ಅಣೆಕಟ್ಟು ಎದ್ದು ಸೂಪಾ ಪಟ್ಟಣವೇ ನೀರಲ್ಲಿ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾ ಆಯ್ತು, ಮುಳುಗಡೆಯವರಲ್ಲಿ ಬಹಳ ಜನ ರಾಮನಗರ ಸೇರಿದರು. ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದಕ್ಕೆ ಕಾಳಿ ಅಂತ ಹೆಸರು. ನಾವು ವೀಕೆಂಡಿಗೆ ಹೋಗಿ ರಾಫ್ಟಿಂಗ್ ಮಾಡೋ ನೀರಿನ ಹಿಂದೆ ಇದೆಲ್ಲಾ ಇದೆ.

ಈಗ ಕಾಗದಪತ್ರದ ವಿಷಯ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಜಾಗದಲ್ಲಿ ಇದ್ದದ್ದನ್ನ ತೋರಿಸಿದರೆ ಸಾಕು. ಪಂಗಡದ ಪಟ್ಟಿಯಲ್ಲಿ ಇಲ್ಲದ ಅರಣ್ಯವಾಸಿಗಳು ಆ ದಿನಾಂಕಕ್ಕೂ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸ ತೋರಿಸಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಅದೇ ತಿದ್ದುಪಡಿಯಲ್ಲಿ ಗೋವಾದ ಕುಣಬಿಗಳೂ ಸೇರಿದರು. ಗಡಿಯ ಈಚೆಗಿನ, ಜೋಯಿಡಾದ ಕುಣಬಿಗಳು ಸೇರಲಿಲ್ಲ; ಬೇಡಿಕೆ ಇಡ್ತಾನೇ ಇದ್ದಾರೆ. ಎಮ್ಮೆ ಸಾಕೋ ಧನಗರ ಗೌಳಿಗಳದ್ದೂ ಅದೇ ಪಾಡು. ಕಾಡೊಳಗೆ ಹುಟ್ಟಿ ಬೆಳೆದ ಅಜ್ಜನಿಗೆ 75 ವರ್ಷದ ಹಿಂದಿನ ಸಾಕ್ಷಿ ಕೇಳಿದರೆ ಅವನು ಏನು ತರಬೇಕು? ನಿಯಮದಲ್ಲಿ ಹಿರಿಯರ ಹೇಳಿಕೆಯನ್ನ ಬರೆದುಕೊಂಡರೆ ಅದೂ ಸಾಕ್ಷಿ, ಹಳೇ ಬಾವಿ, ಸಮಾಧಿ, ದೇವರ ಜಾಗ ಕೂಡ ಸಾಕ್ಷಿ ಅಂತ ಇದೆ. ಆದರೂ ಅರ್ಜಿಯ ಮುಂದೆ ಕೂತವರ ಕಣ್ಣು ಮೊದಲು ಹುಡುಕೋದು ಸೀಲು ಇರೋ ಕಾಗದವನ್ನ. ಇತ್ತ ಒಂದು ಕಾಗದವೂ ಇಲ್ಲದೆ ಅಮೆರಿಕದಿಂದ ಬಂದ ಕುಂಬಳಕ್ಕೆ ನೀನು ಇಲ್ಲಿಯವನಾ ಅಂತ ಯಾರೂ ಕೇಳಲೇ ಇಲ್ಲ.

ಸರಿ, ಹೊಟ್ಟೆ ವಿಷಯಕ್ಕೆ ಬರೋಣ. ಇಷ್ಟೊತ್ತು ಕೇಳಿದ್ದೀರಿ, ಹಸಿವಾಗಿರುತ್ತೆ.

ಹಳಿಯಾಳ, ಮುಂಡಗೋಡ ಧಾರವಾಡದ ಕಡೆ ಮುಖ ಮಾಡಿರೋ ತಾಲ್ಲೂಕು. ಅಲ್ಲಿ ಕುಂಬಳಕಾಯಿ ಅಂದ ತಕ್ಷಣ ಗಾರಿಗೆ. ತುರಿದ ಕುಂಬಳವನ್ನ ಬೆಲ್ಲದ ಜೊತೆ ಬೇಯಿಸಿ, ನೀರು ಸೇರಿಸದೆ ಅದರ ರಸದಲ್ಲೇ ಗೋದಿಹಿಟ್ಟು ಹಿಡಿಸಿದಷ್ಟು ಕಲಸಿ, ಏಲಕ್ಕಿ, ಎಳ್ಳು ಹಾಕಿ ತಟ್ಟಿ ಕರಿಯೋದು. ಪಕ್ಕದ ಮರಾಠಿ ಮನೆಯಲ್ಲಿ ಅದೇ ತಿಂಡಿಗೆ ಘಾರಗೆ. ಎರಡು ಭಾಷೆ, ಒಂದೇ ಬಾಣಲೆ. ಘಟ್ಟದ ಹಸಿರು ಹೆಚ್ಚಾದಂತೆ ಕರಿಯೋದು ಕಮ್ಮಿಯಾಗಿ ಬೇಯಿಸೋದು ಹೆಚ್ಚಾಗುತ್ತೆ: ಅಕ್ಕಿತರಿ, ಚೀನಿಕಾಯಿ ತುರಿ, ಬೆಲ್ಲ, ಕಾಯಿತುರಿ ಕಲಸಿ ಬಾಳೆಎಲೆಯಲ್ಲಿ ಮಡಚಿ ಹಬೆಯಲ್ಲಿಟ್ಟ ಕಡುಬು, ಮೇಲೆ ತುಪ್ಪ. ಕೊಂಕಣಿ ಮನೆಯ ಕೊದ್ದೆಲ್‌ನಲ್ಲಿ ಕೆಂಪು ಮೆಣಸು ತೆಂಗಿನಕಾಯಿ ಜೊತೆ ರುಬ್ಬಿ, ಕೊನೆಗೆ ಜಜ್ಜಿದ ಬೆಳ್ಳುಳ್ಳಿಯ ದಂಡಿ ಒಗ್ಗರಣೆ. ಸಿಹಿ ಹೋಳಿಗೆ ಖಾರ ಮೆತ್ತಿಕೊಂಡಾಗ ಆಗೋ ರುಚಿ ಬೇರೆ ಯಾವ ತರಕಾರಿಗೂ ಬರಲ್ಲ ಅನ್ನೋದು ನನ್ನ ಪಕ್ಷಪಾತ. ಕುಡಿ ಮತ್ತು ಎಳೆ ಎಲೆ ಪಲ್ಯಕ್ಕೆ, ಹೂವು ಬಜ್ಜಿಗೆ, ಸಿಪ್ಪೆ ಚಟ್ನಿಗೆ. ಹೂವು ಕೀಳುವಾಗ ಗಂಡುಹೂವನ್ನೇ ಕೀಳಬೇಕು. ಹೆಣ್ಣುಹೂವಿನ ಬುಡದಲ್ಲಿ ಗೋಲಿಯಷ್ಟು ಮಿಡಿ ಇರುತ್ತೆ, ಅದನ್ನ ಕಿತ್ತರೆ ಒಂದು ಕುಂಬಳವನ್ನೇ ಬಜ್ಜಿ ಮಾಡಿದ ಹಾಗೆ.

ಪೌಷ್ಟಿಕತೆಯ ಬಗ್ಗೆ ಇಂಟರ್ನೆಟ್‌ನಲ್ಲಿ ಬೇಕಾದಷ್ಟು ಬಡಾಯಿ ಇದೆ. ನಾನು ಅಷ್ಟು ದೂರ ಹೋಗಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ 100 ಗ್ರಾಂ ಹಸಿ ಕುಂಬಳದಲ್ಲಿ ಶೇ. 90ಕ್ಕೂ ಹೆಚ್ಚು ನೀರು, ಬರೀ 26 ಕ್ಯಾಲೊರಿ, ಸುಮಾರು 340 ಮಿಲಿಗ್ರಾಂ ಪೊಟ್ಯಾಸಿಯಂ, ಸುಮಾರು 3,100 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್. ಈ ಕ್ಯಾರೋಟಿನ್‌ನಿಂದ ದೇಹ ಎ ವಿಟಮಿನ್ ಮಾಡಿಕೊಳ್ಳುತ್ತೆ. ಕಣ್ಣಿಗೆ, ಚರ್ಮಕ್ಕೆ, ಸೋಂಕು ತಡೆಯೋ ಶಕ್ತಿಗೆ ಬೇಕಾದದ್ದು ಅದು. ಆ ವಿಟಮಿನ್ ಕೊರತೆಯಿಂದ ಮಕ್ಕಳು ಕುರುಡಾಗೋದನ್ನ ತಡೆಯೋಕೆ ಭಾರತ ಸರ್ಕಾರ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಬೇಕಾಯ್ತು. ಆದರೆ ಎಲ್ಲಾ ಕುಂಬಳವೂ ಒಂದೇ ಅಲ್ಲ. ತಿರುಳು ತೆಳು ಹಳದಿ ಇದ್ದರೆ ಕ್ಯಾರೋಟಿನ್ ಬಹಳ ಕಮ್ಮಿ, ಗಾಢ ಕೇಸರಿ ಇದ್ದರೆ ಹೆಚ್ಚು. ಇನ್ನೊಂದು, ಕ್ಯಾರೋಟಿನ್ ಕೊಬ್ಬಿನ ಜೊತೆ ಸೇರಿದರೆ ಮಾತ್ರ ಚೆನ್ನಾಗಿ ಒಳಗೆ ಹೋಗೋದು. ಕಡುಬಿನ ಮೇಲಿನ ತುಪ್ಪ, ಕೊದ್ದೆಲ್‌ನ ತೆಂಗು ಬರೀ ರುಚಿಗಲ್ಲ. ಎಣ್ಣೆ ಮುಟ್ಟಿಸದ ಬೇಯಿಸಿದ ಹೋಳಿಗಿಂತ ಅಜ್ಜಿಯ ಒಗ್ಗರಣೆಯೇ ಇಲ್ಲಿ ಗೆಲ್ಲೋದು.

ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಅನ್ನೋ ತಳಿಗಳನ್ನ ಕೊಟ್ಟಿದೆ. ಸಣ್ಣ ಸಂಸಾರಕ್ಕೆ ಸರಿಯಾದ, ಒಂದರಿಂದ ಮೂರು ಕೆಜಿ ತೂಗೋ ಕಾಯಿಗಳು. ಇದನ್ನ ಹೇಳಲೇಬೇಕು, ಯಾಕಂದ್ರೆ ಹಿತ್ತಲ ತಳಿ ಕಣ್ಮರೆಯಾಗ್ತಿರೋದಕ್ಕೆ ಒಂದು ಕಾರಣ ಅದರ ಗಾತ್ರವೇ. ಹತ್ತು ಜನರ ಮನೆಗೆ ಎಂಟು ಕೆಜಿ ಕಾಯಿ ವರ. ಇಬ್ಬರೇ ಇರೋ ಫ್ಲಾಟಿಗೆ ಅದು ಒಂದು ವಾರದ ಶಿಕ್ಷೆ.

ಬೀಜದ ಬಗ್ಗೆ ಒಂದು ಮಾತು. ಸೂಪರ್ ಮಾರ್ಕೆಟ್‌ನಲ್ಲಿ ಸಿಗೋ ಹಸಿರು ಪಂಪ್ಕಿನ್ ಸೀಡ್ಸ್ ಪ್ಯಾಕೆಟ್ ನೋಡಿರ್ತೀರಿ. ಒಳ್ಳೆಯದೇ. 100 ಗ್ರಾಂ ಬೀಜದ ತಿರುಳಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, ಜೊತೆಗೆ ಮೆಗ್ನೀಸಿಯಂ, ಸತು. ಅದು ಸಿಪ್ಪೆಯೇ ಇಲ್ಲದ ಹಾಗೆ ಕಾಣೋದು ಯಾಕಂದ್ರೆ ಅಂಥ ಬೀಜದ ತಳಿಯೇ ಇದೆ. ಯುರೋಪಿನ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ್ದು ಪ್ರಸಿದ್ಧ. ನಮ್ಮ ಮನೆಯ ಬೀಜಕ್ಕೆ ಬಿಳಿ ಸಿಪ್ಪೆ ಇರುತ್ತೆ. ತೊಳೆದು ಒಣಗಿಸಿ, ಉಪ್ಪು ಹಾಕಿ ಹುರಿದು, ಹಲ್ಲಲ್ಲಿ ಸೀಳಿ ತಿನ್ನಬೇಕು. ಟಿವಿ ಮುಂದೆ ಅಜ್ಜ ಮಾಡ್ತಿದ್ದ ಕೆಲಸ. ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ಕೇಳಿ: ಹೆಚ್ಚಿದ ಕುಂಬಳದ ಚೂರು ನಾಲಿಗೆಗೆ ಕಹಿ ಅನ್ನಿಸಿದರೆ ಇಡೀ ಕಾಯಿ ಬಿಸಾಕಿ. ಆ ಕಹಿ ಹತ್ತು ಸಾವಿರ ವರ್ಷದ ಹಿಂದಿನ ಕಾಡುಕುಂಬಳದ ವಿಷ. ಬೇಯಿಸಿದರೆ ಹೋಗಲ್ಲ.

ಮುಂದಿನ ಸಲ ಸಂತೆಗೆ ಹೋದಾಗ ಎರಡು ನಿಮಿಷ ಕೊಡಿ. ತೊಟ್ಟು ನೋಡಿ. ಐದು ಮೂಲೆಯಾಗಿ, ಗಟ್ಟಿಯಾಗಿ, ಕಾಯಿ ಸೇರೋ ಜಾಗದಲ್ಲಿ ನಕ್ಷತ್ರದ ಹಾಗೆ ಅಗಲಗೊಂಡಿದ್ದರೆ ಅದು ಮಾಸ್ಕಾಟಾ ಜಾತಿ. ಬಿಸಿಲು, ಮಳೆ ಎರಡನ್ನೂ ತಾಳಿಕೊಂಡು ನಮ್ಮ ಹಿತ್ತಲಲ್ಲಿ ಉಳಿದಿರೋದು ಹೆಚ್ಚಾಗಿ ಇದೇ. ಇದರ ಎಲೆಯ ಮೇಲೆ ಬೆಳ್ಳಿ ಚುಕ್ಕೆ ಇರುತ್ತೆ. ತೊಟ್ಟು ಗುಂಡಗೆ, ಬೆಂಡಿನ ಥರ ಮೆತ್ತಗಿದ್ದರೆ ಅದು ಮ್ಯಾಕ್ಸಿಮಾ, ದಕ್ಷಿಣ ಅಮೆರಿಕದ ತವರಿನದು. ಉಗುರು ಊರಿ ನೋಡಿ, ಸಿಪ್ಪೆ ಒಳಗೆ ಇಳಿಯದಿದ್ದರೆ ಬಲಿತಿದೆ. ತೊಟ್ಟು ಮುರಿದದ್ದನ್ನ ಇವತ್ತೇ ಸಾರು ಮಾಡಿ. ತೊಟ್ಟು ಇದ್ದದ್ದನ್ನ ತಿಂಗಳು ಬಿಟ್ಟು ತೆಗೀರಿ. ಒಳಗಿನ ಪಿಷ್ಟ ನಿಧಾನಕ್ಕೆ ಸಕ್ಕರೆಯಾಗಿ ಇನ್ನೂ ಸಿಹಿಯಾಗಿರುತ್ತೆ. ಮಾರೋರು ಹಿತ್ತಲಲ್ಲಿ ಬೆಳೆದದ್ದು ಅಂದರೆ ಬೀಜ ಎಲ್ಲಿಂದ ತಂದಿರಿ ಅಂತ ಒಂದು ಮಾತು ಕೇಳಿ. ಬಹಳ ಸಲ ಉತ್ತರ ತವರುಮನೆಯಿಂದ ಅಂತಲೇ ಶುರುವಾಗುತ್ತೆ.

ನಿಮ್ಮ ಮನೇಲಿ ಇದಕ್ಕೆ ಏನಂತಾರೆ, ಯಾವ ಊರು ಅಂತ ಬರೆದು ಕಳಿಸಿ. ಸಿದ್ದಿ ಕೊಂಕಣಿಯಲ್ಲಿ, ಗೌಳಿ ಮರಾಠಿಯಲ್ಲಿ, ಟಿಬೆಟನ್ ಭಾಷೆಯಲ್ಲಿ ಇರೋ ಹೆಸರು ಗೊತ್ತಿರೋರು ವಾಯ್ಸ್ ನೋಟ್‌ನಲ್ಲೇ ಹೇಳಿ, ಮುಂದಿನ ಸಂಚಿಕೆಯ ಶುರುವಿಗೆ ಹಾಕ್ತೀವಿ. ಗಾರಿಗೆ ಮಾಡಿದೋರು ಫೋಟೊ ಬೇಡ, ಗಾರಿಗೆಯನ್ನೇ ಕಳಿಸಿ.